ಬಿಟ್ಟ ದತ್ತಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸಾಹಿತ್ಯದ ನಂಟು ಇಟ್ಟುಕೊಂಡವರಿಗೆಲ್ಲ ‘ದತ್ತಿ’ ಬಳಕೆಯ ಮಾತು. ಕಾಲೇಜಿನ ಸಭಾಂಗಣದಲ್ಲೋ ಪ್ರೌಢಶಾಲೆಯ ಕೊಠಡಿಯಲ್ಲೋ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ ಏರ್ಪಾಡಾಗುತ್ತದೆ. ತೀರಿಹೋದ ತಂದೆತಾಯಿಯ ಹೆಸರಿನಲ್ಲಿ ಮಕ್ಕಳು, ಮೇಷ್ಟರ ಹೆಸರಿನಲ್ಲಿ ಶಿಷ್ಯರು ಪರಿಷತ್ತಿಗೆ ಒಂದಿಷ್ಟು ಹಣ ಕೊಟ್ಟಿರುತ್ತಾರೆ. ಅಸಲು ಬ್ಯಾಂಕಿನ ಠೇವಣಿಯಲ್ಲಿ ಉಳಿಯುತ್ತದೆ. ಬಂದ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಇಲ್ಲವೇ ಒಂದು ಪುಸ್ತಕಕ್ಕೆ ಬಹುಮಾನ. ಇಂದು ದತ್ತಿ ಎಂದರೆ ನಮಗೆ ಮೊದಲು ಹೊಳೆಯುವುದು ಇದೇ.

ಪದದ ಬಳಗ ಮಾತ್ರ ದೊಡ್ಡದು. ಸಂಸ್ಕೃತದ ‘ದಾ’ ಧಾತುವಿನಿಂದ ಬಂದ ದಾನ, ದತ್ತ, ದತ್ತು, ದತ್ತಿ ಎಲ್ಲವೂ ಒಡಹುಟ್ಟುಗಳು. ಮಗುವನ್ನು ದತ್ತು ಪಡೆಯುತ್ತೇವೆ. ಕಂಪ್ಯೂಟರ್ ಬಂದಮೇಲೆ ದತ್ತಾಂಶ ಎಂಬ ಕಿರಿಯ ತಂಗಿಯೂ ಹುಟ್ಟಿದಳು. ದೇವಸ್ಥಾನಗಳ ಆಡಳಿತ ನೋಡುವ ಇಲಾಖೆಯನ್ನು ಜನ ಮುಜರಾಯಿ ಎಂದೇ ಕರೆದರೂ ಅದರ ಸರ್ಕಾರಿ ಹೆಸರಿನಲ್ಲಿ ‘ಧರ್ಮಾದಾಯ ದತ್ತಿ’ ಇದೆ. ದಾನಕ್ಕೂ ದತ್ತಿಗೂ ನಾನು ಕಾಣುವ ವ್ಯತ್ಯಾಸ ಇಷ್ಟು: ದಾನ ಕೊಟ್ಟ ಗಳಿಗೆಗೆ ಮುಗಿಯಬಹುದು, ದತ್ತಿ ಕೊಟ್ಟವರು ಹೋದಮೇಲೂ ದುಡಿಯುತ್ತಿರುತ್ತದೆ.

ಈ ಅರ್ಥವನ್ನು ಪದಕ್ಕೆ ತುಂಬಿದ್ದು ನಮ್ಮ ಶಾಸನಗಳು. ಹಾಸನ ಜಿಲ್ಲೆಗೆ ಅವುಗಳ ಬರವಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನವನ್ನೇ ನೋಡಿ. ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದಾದ ಅದು, ಕಾದಿ ಗೆದ್ದ ವಿಜ ಅರಸನಿಗೆ ಎರಡು ಊರುಗಳನ್ನು ಕೊಟ್ಟ ದಾಖಲೆ. ನಮ್ಮ ನುಡಿ ಕಲ್ಲಿನ ಮೇಲೆ ಮೊದಮೊದಲು ಬರೆದಿಟ್ಟದ್ದು ಕೊಟ್ಟ ಸಂಗತಿಯನ್ನೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಇಂದಿನ ಠೇವಣಿಯ ಕ್ರಮವೂ ಕಲ್ಲಿನಲ್ಲಿದೆ. ಭಕ್ತರು ಗದ್ಯಾಣಗಳನ್ನು ಇಡುಗಂಟಾಗಿ ಕೊಟ್ಟು, ಅದರ ಬಡ್ಡಿಯಲ್ಲಿ ಗೊಮ್ಮಟನ ಅಭಿಷೇಕಕ್ಕೆ ಹಾಲು, ಪೂಜೆಗೆ ಹೂವು ನಡೆಯಬೇಕೆಂದು ಬರೆಸಿದ್ದಾರೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ನಡೆಸುವ ಪದ್ಧತಿಯನ್ನು ಪರಿಷತ್ತು ಹೊಸದಾಗಿ ಕಂಡುಹಿಡಿಯಲಿಲ್ಲ.

ಶಾಸನಗಳಲ್ಲಿ ದತ್ತಿಯ ಜೊತೆಗೆ ಮತ್ತೆ ಮತ್ತೆ ಬರುವ ಕ್ರಿಯಾಪದ ‘ಬಿಡು’. ಗದ್ದೆ, ಬೆದ್ದಲು, ತೋಟ ಎಂದು ಎಣಿಸಿ, ಎಲ್ಲೆಗಲ್ಲು ಹೇಳಿ, ಇವು ‘ಬಿಟ್ಟ ದತ್ತಿ’ ಎನ್ನುತ್ತಾರೆ. ಕೈಗೆ ನೀರು ಬಿಟ್ಟು ಧಾರೆ ಎರೆದರೆ ಹಕ್ಕೂ ಬಿಟ್ಟುಹೋಯಿತು. ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಿತ್ತುಕೊಂಡವನಿಗೆ ಘೋರ ಶಾಪವನ್ನೂ ಕೊನೆಯಲ್ಲಿ ಕೆತ್ತಿಸುತ್ತಿದ್ದರು. ಶಾಪದ ಮೊದಲ ಎಚ್ಚರಿಕೆ ಕೊಟ್ಟವನಿಗೇ ಎಂಬುದನ್ನು ಗಮನಿಸಬೇಕು. ದತ್ತಿ ನಿಲ್ಲಬೇಕಾದದ್ದು ‘ಆಚಂದ್ರಾರ್ಕ’, ಸೂರ್ಯಚಂದ್ರರಿರುವ ತನಕ. ತಾನು ಕಾಣದ ಕಾಲದಲ್ಲಿ, ಕಾಣದ ಜನರಿಗೆ ಇದು ಸಲ್ಲುತ್ತದೆ ಎಂದು ನಂಬದೆ ಹಾಗೆ ಬರೆಸಲಾಗದು. ದತ್ತಿಯ ಒಳಗೆ ಔದಾರ್ಯದಷ್ಟೇ ನಂಬಿಕೆಯೂ ಇದೆ.

ಬರೆಯಲು ಹೊರಟವರಿಗೂ ಬೇಕಾದದ್ದು ಇದೇ ನಂಬಿಕೆ. ಓದುವವರು ಯಾರೆಂದು ಗೊತ್ತಿಲ್ಲದೆ ಬರೆಯಬೇಕು. ಆ ಹೊತ್ತಿಗೆ ಬರೆಯುವವರ ಮೇಲೆ ನಂಬಿಕೆಯಿಟ್ಟ ಇನ್ನೊಬ್ಬರು ಎಲ್ಲಾದರೂ ಇರಬೇಕು. ಕವಿ ರನ್ನ ಮುಧೋಳದ ಬಳೆಗಾರರ ಮನೆಯ ಹುಡುಗ. ವಿದ್ಯೆ ಹುಡುಕಿಕೊಂಡು ತೆಂಕಣಕ್ಕೆ ಬಂದು ಅಜಿತಸೇನಾಚಾರ್ಯರ ಬಳಿ ಕಲಿತ. ಗೊಮ್ಮಟನನ್ನು ನಿಲ್ಲಿಸಿದ, ತಾನೂ ಗದ್ಯದಲ್ಲಿ ಪುರಾಣ ಬರೆದ ಚಾವುಂಡರಾಯ ಅವನಿಗೆ ಆಸರೆಯಾದ. 993ರಲ್ಲಿ ಮುಗಿದ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಅವಳೇ. ಆಹಾರ, ಅಭಯ, ಔಷಧಗಳ ಸಾಲಿನಲ್ಲಿ ಶಾಸ್ತ್ರವನ್ನೂ ದಾನವೆಂದು ಎಣಿಸಿದ ಜೈನ ಧರ್ಮ ಅವಳದು. ರನ್ನ ತನ್ನ ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ ಎಂದು ಹೆಸರಿಟ್ಟ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೆತ್ತಿರುವುದು ಅವನ ಹೆಸರೇ ಎಂದು ಹಲವು ವಿದ್ವಾಂಸರು ತಿಳಿಯುತ್ತಾರೆ.

ಕಲ್ಲಿಗೆ ಏರದ ದತ್ತಿಗಳೂ ಈ ಸೀಮೆಯಲ್ಲಿ ಕೆಲಸ ಮಾಡಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಚಿಕ್ಕಂದಿನಲ್ಲೇ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡರು. ಭಿಕ್ಷಾನ್ನ, ವಾರಾನ್ನ ಉಂಡು ಓದಿದರು. ವಾರಾನ್ನವೆಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯ ಊಟ. ಆ ಮನೆಗಳ ಗೃಹಿಣಿಯರು ಕಾದಂಬರಿಕಾರನೊಬ್ಬನನ್ನು ಬೆಳೆಸುತ್ತಿದ್ದೇವೆ ಎಂದುಕೊಂಡಿರಲಿಲ್ಲ. ಹಸಿದ ಹುಡುಗನಿಗೆ ಬಡಿಸಿದರು. ವಾರಾನ್ನ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ಸುತ್ತುತ್ತಿತ್ತು ಎಂಬುದನ್ನೂ ಹೇಳಲೇಬೇಕು. ಆ ಗೆರೆಯಾಚೆ ಹಸಿದು ನಿಂತ ಎಷ್ಟು ಮಕ್ಕಳೊಳಗೆ ಎಷ್ಟು ಪುಸ್ತಕಗಳು ಸತ್ತವೋ ಲೆಕ್ಕ ಸಿಗದು. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರು ಹುಟ್ಟೂರಿನ ಕೆರೆಗೆ ನೀರು ಹರಿಸಲು ಓಡಾಡಿದ್ದರು. ಉಂಡ ದತ್ತಿಯನ್ನು ಅವರು ಹೀಗೆ ಊರಿಗೇ ಹಿಂದಿರುಗಿಸಿದರು.

ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಇನ್ನೊಂದು ಬಗೆ. 1920ರಲ್ಲಿ ಹುಟ್ಟಿದ ಆ ಸಂಸ್ಥೆ 1937ರಲ್ಲಿ ಹೇಮಾವತಿಯ ದಡದ ಈ ಊರಿಗೆ ಬಂತು. ಅದನ್ನು ಕಟ್ಟಿದ ಸಚ್ಚಿದಾನಂದೇಂದ್ರ ಸರಸ್ವತಿಗಳು ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಸಂಸ್ಕೃತ ಬಾರದವರೂ ವೇದಾಂತವನ್ನು ತಮ್ಮ ನುಡಿಯಲ್ಲೇ ಓದಲೆಂದು ಬಾಳಿಡೀ ಬರೆದರು. ಇಲ್ಲಿ ಬರೆದವರೇ ದತ್ತಿ ಬಿಟ್ಟವರು.

ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಹುಟ್ಟಿದ್ದು ಕೋಲಾರದಲ್ಲಾದರೂ ಹೆಸರಿನ ಮೊದಲಿಗೇ ಅರಕಲಗೂಡನ್ನು ಹೊತ್ತವರು. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, 1960ರ ಮಣಿಪಾಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಅ.ನ.ಕೃ. ತಮ್ಮೊಬ್ಬರ ಹೆಸರಿಗಾಗಿ ದುಡಿಯಲಿಲ್ಲ. ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದ ಕಿರಿಯರನ್ನು ಜೊತೆಗೆ ಕರೆದುಕೊಂಡು ಪ್ರಗತಿಶೀಲ ಚಳವಳಿ ಕಟ್ಟಿದರು. ಕಿರಿಯರ ಬೆನ್ನು ತಟ್ಟಿದ ಹಿರಿಯರ ಕೈ ಯಾವ ಠೇವಣಿಗೂ ಕಡಿಮೆಯಲ್ಲ.

ಹಾಸನದ ಕಥೆಗಾರ್ತಿ ಬಾನು ಮುಷ್ತಾಕ್ ಅವರನ್ನು ಎಂಟರ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಲ್ಲಿ ಓದುಬರಹ ಕಲಿಯಬೇಕೆಂಬ ಷರತ್ತಿತ್ತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಉರ್ದು ಮನೆಮಾತಿನ ಮಗುವಿಗೆ ತೆರೆದ ಆ ಬಾಗಿಲ ಫಲ ಕಾಣಲು ದಶಕಗಳೇ ಬೇಕಾದವು: 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಈ ಬಾಗಿಲು ಜಾತಿಮತದ ಗೆರೆ ದಾಟಿ ತೆರೆದದ್ದು. ಅದಕ್ಕೇ ಅದು ನನಗೆ ದೊಡ್ಡ ದತ್ತಿಯಾಗಿ ಕಾಣುತ್ತದೆ.

ಈಗ ದತ್ತಿಯ ಕ್ರಿಯಾಪದ ಬದಲಾಗಿದೆ. ‘ದತ್ತಿ ಬಿಟ್ಟರು’ ಎಂದು ಹೇಳುವವರು ಕಡಿಮೆ, ‘ದತ್ತಿ ಇಟ್ಟಿದ್ದಾರೆ’ ಎನ್ನುತ್ತೇವೆ. ಇಟ್ಟದ್ದರಲ್ಲಿ ಇಟ್ಟವರ ಹೆಸರಿನ ನಂಟು ಬಿಗಿಯಾಗಿಯೇ ಉಳಿದಿರುತ್ತದೆ. ಹೆತ್ತವರ ಹೆಸರು ವರ್ಷಕ್ಕೊಮ್ಮೆಯಾದರೂ ಸಭೆಯಲ್ಲಿ ಕೇಳಲಿ ಎಂಬುದು ಸಹಜವಾದ, ಒಳ್ಳೆಯ ಆಸೆ. ಆದರೆ ದತ್ತಿಯ ಬಹುಮಾನಗಳು ಹೆಚ್ಚಾಗಿ ಅಚ್ಚಾದ ಪುಸ್ತಕಕ್ಕೆ, ಉಪನ್ಯಾಸಗಳು ಹೆಚ್ಚಾಗಿ ಆಗಲೇ ಹೆಸರಾದ ಲೇಖಕರ ಮೇಲೆ. ಕನ್ನಡ ಪುಸ್ತಕ ಪ್ರಾಧಿಕಾರ ಹೊಸಬರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ಅದಕ್ಕೂ ಕೈಯಲ್ಲೊಂದು ಹಸ್ತಪ್ರತಿ ಇರಬೇಕು. ಅದಕ್ಕಿಂತ ಮೊದಲು ಓದಲು ಪುಸ್ತಕ, ಕೂತು ಬರೆಯಲು ಜಾಗ, ಬರೆದದ್ದನ್ನು ಓದಿ ಹೇಳುವ ಹಿರಿಯರು, ಹೊತ್ತಿಗೆ ಊಟ ಬೇಕು. ರನ್ನನಿಗೆ, ಭೈರಪ್ಪನವರಿಗೆ ಸಿಕ್ಕ ದತ್ತಿ ಪುಸ್ತಕಕ್ಕೆ ಮೊದಲಿನ ಈ ಹೊತ್ತಿನದು.

ದತ್ತಿ ಇಡುವ ಮನಸ್ಸಿರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಅರಕಲಗೂಡಿನ ಹಾಸ್ಟೆಲ್ಲಿನಲ್ಲಿ, ಹೊಳೆನರಸೀಪುರದ ಕಾಲೇಜಿನಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರಿಗೆ ಒಂದು ದತ್ತಿ ಮೀಸಲಿಡಿ. ಒಂದು ವರ್ಷದ ಗ್ರಂಥಾಲಯದ ಖರ್ಚಾಗಲಿ, ಒಂದು ಕಮ್ಮಟದ ಬಸ್ ಚಾರ್ಜು ಮತ್ತು ಊಟವಾಗಲಿ, ಅದು ಸಾಕಾಗುತ್ತದೆ. ಜಾತಿ ಕೇಳಬೇಡಿ, ಪುಸ್ತಕ ಯಾವಾಗ ಬರುತ್ತದೆ ಎಂದೂ ಕೇಳಬೇಡಿ. ಹಣವಿಲ್ಲದ ನಮ್ಮಂಥವರು ಒಂದು ಹಸ್ತಪ್ರತಿಯನ್ನು ಕೊನೆಯ ತನಕ ಓದಿ, ಅನ್ನಿಸಿದ್ದನ್ನು ಪ್ರೀತಿಯಿಂದ ನೇರವಾಗಿ ಹೇಳೋಣ. ಕೊಟ್ಟಮೇಲೆ ಹಿರಿಯರಂತೆ ಬಿಟ್ಟುಬಿಡೋಣ.