ಬ್ರಹ್ಮಗಿರಿಗೆ ಬಂದ ಅಶೋಕನ ಓಲೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನ ಆರಂಭವಾಗುವುದು ಧರ್ಮೋಪದೇಶದಿಂದಲ್ಲ, ಕುಶಲೋಪರಿಯಿಂದ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೋರಿ, ಆಮೇಲೆ ಚಕ್ರವರ್ತಿಯ ಮಾತನ್ನು ತಿಳಿಸುತ್ತಾರೆ. ಬಂಡೆಯ ಮೇಲೆ ಬೇಕಾಗಿದ್ದುದು ರಾಜನ ಮಾತು ಮಾತ್ರ. ಆದರೆ ಮೇಲಿನ ಕಚೇರಿಯಿಂದ ಬಂದ ಓಲೆಯ ಒಕ್ಕಣೆಯೂ ಅದರೊಂದಿಗೆ ಕಲ್ಲಿಗೆ ಏರಿತು. ಹೀಗಾಗಿ ಪಾಟಲಿಪುತ್ರದ ಆಜ್ಞೆ ರಾಜಕುಮಾರನ ಮೂಲಕ ಸ್ಥಳೀಯ ಅಧಿಕಾರಿಗೆ ತಲುಪುತ್ತಿದ್ದ ಬಗೆ ನಮಗೆ ತಿಳಿದುಬಂದಿದೆ.

ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ ಅಶೋಕನ ಸಾಮ್ರಾಜ್ಯ ಅಫ್ಘಾನಿಸ್ತಾನದ ಕಂದಹಾರದಿಂದ ಕನ್ನಡನಾಡಿನವರೆಗೆ ಹಬ್ಬಿತ್ತು. ತಕ್ಷಶಿಲೆ, ಉಜ್ಜಯಿನಿ, ತೋಸಲಿ ಮತ್ತು ಸುವರ್ಣಗಿರಿಗಳಲ್ಲಿ ರಾಜಕುಮಾರರಿದ್ದರು. ಭಾಷೆ, ಲಿಪಿ, ಆಚಾರಗಳು ಬೇರೆ ಬೇರೆಯಾಗಿದ್ದ ಈ ಜನಸಮುದಾಯವನ್ನು ಸೈನ್ಯಬಲವೊಂದರಿಂದಲೇ ಹಿಡಿದಿಡಲು ಸಾಧ್ಯವಿತ್ತೇ?

ಅಶೋಕ ಹಿಡಿದ ದಾರಿಯಲ್ಲಿ ಮೊದಲನೆಯದು, ಒಂದೇ ಮಾತನ್ನು ಬೇರೆ ಬೇರೆ ಉಡುಪಿನಲ್ಲಿ ಕಳುಹಿಸುವುದು. ಶಾಸನಗಳ ಭಾಷೆ ಬಹುಪಾಲು ಪ್ರಾಕೃತ, ಲಿಪಿ ಬ್ರಾಹ್ಮಿ. ವಾಯವ್ಯದ ಶಾಹಬಾಜ್‌ಗಢಿ ಮತ್ತು ಮಾನ್ಸೆಹ್ರಾಗಳಲ್ಲಿ ಲಿಪಿ ಖರೋಷ್ಠಿಯಾಯಿತು. ಕಂದಹಾರದಲ್ಲಿ 1958ರಲ್ಲಿ ದೊರೆತ ಶಾಸನ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ. ಎಲ್ಲ ಕಡೆ ಎಲ್ಲವನ್ನೂ ಬರೆಸಿಲ್ಲ, ರಾಜ್ಯ ವಿಸ್ತಾರವಾದುದು, ಕೆಲವೆಡೆ ಲಿಪಿಕಾರನ ತಪ್ಪೂ ಇರಬಹುದು ಎಂದು ಹದಿನಾಲ್ಕನೆಯ ಶಿಲಾಶಾಸನ ಸ್ವತಃ ಒಪ್ಪಿಕೊಳ್ಳುತ್ತದೆ. ಬ್ರಹ್ಮಗಿರಿಯ ಶಾಸನ ಬರೆದ ಚಪಡನೆಂಬ ಲಿಪಿಕಾರ ತಾನು ಲಿಪಿಕಾರನೆಂಬ ಮಾತನ್ನು ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯದ ಲಿಪಿ ಬಲ್ಲವನೊಬ್ಬ ಮೊಳಕಾಲ್ಮೂರು ಸೀಮೆಯಲ್ಲಿ ಕೆಲಸ ಮಾಡಿದ್ದನೆಂಬುದು ಸಾಮ್ರಾಜ್ಯದ ವ್ಯಾಪ್ತಿಗೆ ಸಾಕ್ಷಿ.

ಆದರೆ ದಕ್ಷಿಣದ ಜನರ ಆಡುಮಾತು ಅಶೋಕನ ಯಾವ ಶಾಸನಕ್ಕೂ ಏರಲಿಲ್ಲ. ಇಲ್ಲಿಗೂ ಬಂದದ್ದು ಪ್ರಾಕೃತವೇ. ಓದಲು ಬಾರದವರಿಗೆ ಅದನ್ನು ಮುಟ್ಟಿಸುವ ಹೊಣೆ ಅಧಿಕಾರಿಗಳದು. ಆಂಧ್ರದ ಎರ್ರಗುಡಿಯ ಶಾಸನದ ಪ್ರಕಾರ ರಾಜುಕರೆಂಬ ಅಧಿಕಾರಿಗಳು ಭೇರಿ ಹೊಡೆಸಿ ಹಳ್ಳಿಗರಿಗೆ ವಿಷಯ ತಿಳಿಸಬೇಕಿತ್ತು. ನಮ್ಮ ಹಳ್ಳಿಗಳ ಡಂಗುರವನ್ನು ಇದು ನೆನಪಿಗೆ ತರುತ್ತದೆ.

ಎರಡನೆಯದು ಅಧಿಕಾರಿಗಳ ಮೇಲಿನ ಹಿಡಿತ. ಇದರ ಸ್ಪಷ್ಟ ಚಿತ್ರ ಸಿಗುವುದು ಕಳಿಂಗದ, ಅಂದರೆ ಇಂದಿನ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ. ಎಲ್ಲ ಪ್ರಜೆಗಳೂ ತನ್ನ ಮಕ್ಕಳೆಂದು ಹೇಳುವ ಅಶೋಕ, ಕಾರಣವಿಲ್ಲದೆ ಜನ ಸೆರೆಗೆ ಬೀಳುವುದುಂಟು ಎಂಬುದನ್ನು ಅಲ್ಲಿ ಮುಚ್ಚಿಡುವುದಿಲ್ಲ. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯ, ದಣಿವುಗಳಿಗೆ ವಶನಾದ ಅಧಿಕಾರಿ ನ್ಯಾಯ ಮಾಡಲಾರ ಎಂದು ಎಚ್ಚರಿಸುತ್ತಾನೆ. ಪರಿಶೀಲನೆಗೆಂದು 5 ವರ್ಷಕ್ಕೊಮ್ಮೆ ಮಹಾಮಾತ್ರರನ್ನು ಕಳುಹಿಸುವುದಾಗಿ, ಉಜ್ಜಯಿನಿ ಮತ್ತು ತಕ್ಷಶಿಲೆಗಳಿಂದ 3 ವರ್ಷ ಮೀರದಂತೆ ಕಳುಹಿಸಬೇಕೆಂದು ವಿಧಿಸುತ್ತಾನೆ. ಇನ್ನೂ ಗಮನಾರ್ಹವಾದುದೆಂದರೆ, ಅಧಿಕಾರಿಗಳಿಗೆ ಬರೆದ ಈ ಓಲೆಯನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಗಟ್ಟಿಯಾಗಿ ಓದಿಸಬೇಕಿತ್ತು. ಕೇಳಲು ಒಬ್ಬನೇ ಇದ್ದರೂ ಸರಿ, ಓದಬೇಕು. ತನ್ನನ್ನು ಸೆರೆಗೆ ತಳ್ಳಬಲ್ಲ ಅಧಿಕಾರಿಗೆ ರಾಜನ ಅಪ್ಪಣೆ ಏನಿದೆ ಎಂಬುದು ಆ ಒಬ್ಬ ಸಾಮಾನ್ಯನಿಗೂ ಗೊತ್ತಾಗುತ್ತಿತ್ತು.

ಈ ಆಡಳಿತದ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ಯಲಾಯಿತು ಎಂದು ಪಶ್ಚಾತ್ತಾಪದಿಂದ ಹೇಳುವ ಹದಿಮೂರನೆಯ ಶಿಲಾಶಾಸನವನ್ನು ಸ್ವತಃ ಕಳಿಂಗದಲ್ಲಿ ಕೆತ್ತಿಸಲಿಲ್ಲ. ಸೋತವರ ಕಣ್ಣೆದುರು ಆ ಗಾಯವನ್ನು ಕೆದಕುವುದು ಬೇಡವೆನಿಸಿರಬೇಕು. ಒಯ್ದವರನ್ನು ಹಿಂದಕ್ಕೆ ಕಳುಹಿಸುವ ಮಾತಂತೂ ಎಲ್ಲಿಯೂ ಇಲ್ಲ. ಪಶ್ಚಾತ್ತಾಪ ಪಡುತ್ತಿರುವಾಗಲೂ ತನಗೆ ಶಿಕ್ಷಿಸುವ ಶಕ್ತಿಯಿದೆ ಎಂದು ಕಾಡಿನ ಜನರಿಗೆ ಎಚ್ಚರಿಕೆ ಕೊಡುವುದು ಇದೇ ಶಾಸನವೇ. ಮಕ್ಕಳಂತೆ ಕಾಣುವ ಮಾತಿನ ಹಿಂದೆ ದಂಡದ ನೆರಳೂ ಇತ್ತು.

ಕಳಿಂಗದ ಅಧಿಕಾರಿಗಳಿಗೆಂದು ಬರೆಸಿದ ಈ ವಿಶೇಷ ಶಾಸನಗಳು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ದೊರೆತವು. ಅಲ್ಲಿನ ದೇಗುಲದಲ್ಲಿ ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಬರಹವಿರುವುದು 1989ರಲ್ಲಿ ಗೊತ್ತಾಯಿತು. ಸೆರೆಮನೆ, ವಿಚಾರಣೆ, ಅಧಿಕಾರಿಗಳ ನಡತೆಯ ಬಗೆಗಿನ ಆ ಕಟ್ಟಳೆಗಳು ಕಳಿಂಗಕ್ಕಷ್ಟೇ ಸೀಮಿತವಾಗಿರಲಿಲ್ಲ, ಕೃಷ್ಣಾ ಕೊಳ್ಳದ ಉತ್ತರದ ಸೀಮೆಗೂ ಅನ್ವಯಿಸುತ್ತಿದ್ದವು ಎಂಬುದು ಇದರಿಂದ ಖಚಿತವಾಯಿತು.

ಅಶೋಕನ ನಂತರ ಸುಮಾರು 50 ವರ್ಷಗಳೊಳಗೆ, ಕ್ರಿ.ಪೂ. 185ರ ವೇಳೆಗೆ, ಮೌರ್ಯ ವಂಶ ಮುಗಿಯಿತು. ರಾಜಕುಮಾರರ ಕಚೇರಿಗಳೂ ತಪಾಸಣೆಯ ಪ್ರವಾಸಗಳೂ ನಿಂತುಹೋದವು. ಓಲೆಗಳನ್ನು ಹೊತ್ತು ತಂದ ಬ್ರಾಹ್ಮಿ ಲಿಪಿ ಮಾತ್ರ ಇಲ್ಲಿಯೇ ನೆಲೆಸಿತು. ಶತಮಾನಗಳ ಬದಲಾವಣೆಯಲ್ಲಿ ಅದರಿಂದಲೇ ಕನ್ನಡ ಲಿಪಿ ಮೂಡಿತು. ಅಶೋಕನ ಕಾಲದಲ್ಲಿ ಬಂಡೆ ಏರದ ನಾಡಿನ ಮಾತು ಮುಂದೆ ಬರಹ ಕಂಡದ್ದು ಅದೇ ಅಕ್ಷರಗಳ ವಂಶದಿಂದ.