ಯೋಸೇಫ, ಯೂಸುಫ್, ಜುಜೆ : ಕನ್ನಡ ಕರಾವಳಿಯಲ್ಲಿ ಒಂದು ಹೀಬ್ರೂ ನಾಮಧೇಯದ ರೂಪಭೇದಗಳು

ಶಬ್ದವ್ಯುತ್ಪತ್ತಿಯನ್ನು ವಿಚಾರಿಸುವವರು ಧಾತುಗಳನ್ನೂ ತದ್ಭವಗಳನ್ನೂ ಸ್ಥಳನಾಮಗಳನ್ನೂ ವಿವರಿಸುವಷ್ಟು ಆದರದಿಂದ ವ್ಯಕ್ತಿನಾಮಗಳನ್ನು ವಿವರಿಸುವುದಿಲ್ಲ. ನಾಮಕರಣವು ತಂದೆತಾಯಿಗಳ ಇಚ್ಛೆಗೆ ಸೇರಿದ್ದು, ಅದರಲ್ಲಿ ನಿಯಮವೇನಿದ್ದೀತು ಎಂಬ ಉದಾಸೀನವೇ ಇದಕ್ಕೆ ಕಾರಣವಾಗಿರಬಹುದು. ಆದರೆ ಹೆಸರು ಸುಲಭವಾಗಿ ಭಾಷಾಂತರವಾಗುವ ವಸ್ತುವಲ್ಲ. ಅರ್ಥವು ಮರೆತುಹೋದ ಮೇಲೆಯೂ ಅದರ ಧ್ವನಿಯು ದೇಶದಿಂದ ದೇಶಕ್ಕೆ ಸಾಗುತ್ತದೆ. ಸಾಗಿದ ದಾರಿಯ ಗುರುತುಗಳು ಅದರ ಮೈಮೇಲೆ ಉಳಿಯುತ್ತವೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯು ಇದಕ್ಕೆ ಉತ್ತಮವಾದ ನಿದರ್ಶನವನ್ನು ಒದಗಿಸುತ್ತದೆ. ಕಾಯ್ಕಿಣಿಯನ್ನು ನಡುವಿನಲ್ಲಿಟ್ಟುಕೊಂಡು ದಕ್ಷಿಣಕ್ಕೆ ಭಟ್ಕಳದವರೆಗೂ ಉತ್ತರಕ್ಕೆ ಹೊನ್ನಾವರ, ಕುಮಟೆಗಳವರೆಗೂ ನಡೆದರೆ ನವಾಯತರ ಮನೆಗಳಲ್ಲಿ ಯೂಸುಫ್ ಎಂಬ ಹೆಸರೂ, ಕೊಂಕಣಿಯನ್ನಾಡುವ ಕ್ರೈಸ್ತರಲ್ಲಿ ಜುಜೆ, ಜೋಸೆಫ್ ಎಂಬ ಹೆಸರುಗಳೂ ಕೇಳಬರುವುವು. ಕನ್ನಡ ಬೈಬಲಿನಲ್ಲಿ ಇದೇ ನಾಮವು ಯೋಸೇಫನೆಂದು ಲಿಖಿತವಾಗಿದೆ. ಈ ನಾಲ್ಕೂ ಒಂದೇ ಶಬ್ದದ ರೂಪಗಳು. ಇವುಗಳಲ್ಲಿ ಒಂದು ಶುದ್ಧ, ಉಳಿದವು ಕೆಟ್ಟ ರೂಪಗಳು ಎಂಬ ಭಾವನೆ ಎಷ್ಟು ಸಾಧುವೆಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಮೊದಲು ಮೂಲರೂಪವನ್ನು ನೋಡುವುದು ಯುಕ್ತ. ಹೀಬ್ರೂ ಭಾಷೆಯಲ್ಲಿ ಈ ಹೆಸರು ಯೋಸೇಫ್. ಅರಬ್ಬಿಯಂತೆ ಹೀಬ್ರೂವಿನಲ್ಲಿಯೂ ಧಾತುಗಳು ಪ್ರಾಯಶಃ ಮೂರು ವ್ಯಂಜನಗಳಿಂದಾದವು. ಸ್ವರಗಳು ಬದಲಾಗುತ್ತ ನಾಮಗಳನ್ನೂ ಕ್ರಿಯಾಪದಗಳನ್ನೂ ಉಂಟುಮಾಡುವುವು. ಯ, ಸ, ಪ ಎಂಬ ಮೂರು ವ್ಯಂಜನಗಳುಳ್ಳ ಧಾತುವಿಗೆ ‘ಸೇರಿಸು, ಹೆಚ್ಚಿಸು’ ಎಂದರ್ಥ. ಯೋಸೇಫ್ ಎಂದರೆ ‘ಅವನು ಇನ್ನೂ ಕೂಡಿಸಿಕೊಡಲಿ’ ಎಂಬ ಆಶೀರರ್ಥದ ಕ್ರಿಯಾಪದವೇ ಹೆಸರಾಗಿ ನಿಂತದ್ದು. ಸ್ವರದ ಮುಂದೆ ಬಂದ ಪಕಾರವು ಹೀಬ್ರೂ ಉಚ್ಚಾರಣೆಯಲ್ಲಿ ಫಕಾರದಂತಾಗುವುದರಿಂದ ಕಡೆಯ ಅಕ್ಷರವು ಫ್ ಎಂದು ಕೇಳಿಬರುತ್ತದೆ. ಬೈಬಲಿನ ಆದಿಕಾಂಡದ 30ನೆಯ ಅಧ್ಯಾಯದಲ್ಲಿ ಯಾಕೋಬನ ಪತ್ನಿಯಾದ ರಾಹೇಲಳು ಬಹುಕಾಲ ಬಂಜೆಯೆನಿಸಿಕೊಂಡು, ಬಳಿಕ ಮಗನನ್ನು ಹೆತ್ತು, ಈ ಹೆಸರಿಟ್ಟ ಸಂದರ್ಭವಿದೆ. ಅಲ್ಲಿ ನಿರ್ವಚನವು ಒಂದಲ್ಲ, ಎರಡು: ದೇವರು ತನ್ನ ನಿಂದೆಯನ್ನು ತೆಗೆದುಬಿಟ್ಟನೆಂಬಲ್ಲಿ ‘ಆಸಫ್’ ಎಂಬ ಬೇರೊಂದು ಧಾತುವಿನ ಧ್ವನಿಯನ್ನೂ, ಇನ್ನೊಬ್ಬ ಮಗನನ್ನು ಕೊಡಲಿ ಎಂಬಲ್ಲಿ ಮೇಲೆ ಹೇಳಿದ ಧಾತುವನ್ನೂ ಹೆಸರಿನೊಡನೆ ಜೋಡಿಸಲಾಗಿದೆ. ಯಾಸ್ಕರ ನಿರುಕ್ತದಲ್ಲಿ ಒಂದೇ ಪದಕ್ಕೆ ಹಲವು ನಿರ್ವಚನಗಳು ಸಾಲುಗೂಡಿ ಬರುವುದನ್ನು ಬಲ್ಲವರಿಗೆ ಇದು ವಿಚಿತ್ರವಾಗಿ ತೋರದು. ವ್ಯಾಕರಣದ ದೃಷ್ಟಿಯಿಂದ ಎರಡನೆಯದೇ ಗ್ರಾಹ್ಯ. ಮೊದಲನೆಯದು ಧ್ವನಿಸಾಮ್ಯದ ಮೇಲೆ ನಿಂತ ಉಕ್ತಿಚಮತ್ಕಾರ.

ಇಲ್ಲಿಯೇ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹೀಬ್ರೂ ಗ್ರಂಥದ 81ನೆಯ ಕೀರ್ತನೆಯಲ್ಲಿ ಈ ನಾಮವು ಯೆಹೋಸೇಫ್ ಎಂದು ಒಂದು ಅಕ್ಷರ ಹೆಚ್ಚಾಗಿ ಬಂದಿದೆ. ಎಂದರೆ, ಶುದ್ಧವೆಂದು ಯಾವುದನ್ನು ಹಿಡಿಯಬೇಕೋ ಆ ಮೂಲದಲ್ಲಿಯೇ ರೂಪದ್ವಯವಿದೆ.

ಧ್ವನಿಸಾಮ್ಯವನ್ನು ನೆಚ್ಚಿ ಇಂತಹ ನಾಮಗಳನ್ನು ಸಂಸ್ಕೃತದ ಯಶಸ್ ಮೊದಲಾದ ಶಬ್ದಗಳಿಂದ ಸಾಧಿಸಲು ಹೊರಡುವುದು ಸುಲಭ. ಆದರೆ ಅದು ಶಾಸ್ತ್ರವೆನಿಸದು. ವ್ಯುತ್ಪತ್ತಿಯು ನಿಲ್ಲಬೇಕಾದರೆ ಮೂರು ಸಾಕ್ಷಿಗಳು ಬೇಕು: ಆ ಧಾತುವು ಆ ಭಾಷೆಯ ಬೇರೆ ಪ್ರಯೋಗಗಳಲ್ಲಿ ಜೀವಂತವಾಗಿರಬೇಕು, ವರ್ಣವಿಕಾರಗಳು ಇತರ ಶಬ್ದಗಳಲ್ಲಿಯೂ ಅದೇ ರೀತಿ ನಡೆದಿರಬೇಕು, ಶಬ್ದವನ್ನು ಹೊತ್ತು ತಂದ ಜನರು ಚರಿತ್ರೆಯಲ್ಲಿ ಕಾಣಬೇಕು. ಯಶಸ್ಸಿನ ಪಕ್ಷಕ್ಕೆ ಈ ಮೂರರಲ್ಲಿ ಒಂದೂ ಇಲ್ಲ. ಹೀಬ್ರೂ ಪಕ್ಷಕ್ಕೆ ಮೂರೂ ಇವೆ.

ಪಶ್ಚಿಮದ ಮಾರ್ಗವನ್ನು ಮೊದಲು ಹಿಡಿಯೋಣ. ಗ್ರೀಕರು ಈ ಹೆಸರನ್ನು ಇಓಸೇಫ್ ಎಂದೂ, ಲ್ಯಾಟಿನರು ತಮ್ಮ ಪ್ರಥಮಾ ವಿಭಕ್ತಿಯ ಪ್ರತ್ಯಯವನ್ನು ಹಚ್ಚಿ ಯೋಸೇಫುಸ್ ಎಂದೂ ಬರೆದರು. ಲ್ಯಾಟಿನಿನಿಂದ ಹುಟ್ಟಿದ ಭಾಷೆಗಳಲ್ಲಿ ಪದಾದಿಯ ಯಕಾರವು ಕಾಲಕ್ರಮದಿಂದ ಜಕಾರಕ್ಕೆ ಹತ್ತಿರವಾದ ಧ್ವನಿಯಾಯಿತು. ಇಟಲಿಯಲ್ಲಿ ಜುಸೆಪ್ಪೆ, ಪೋರ್ತುಗಾಲಿನಲ್ಲಿ ಜುಜೆ. ಫ್ರೆಂಚಿನ ಪ್ರಭಾವಕ್ಕೊಳಗಾದ ಇಂಗ್ಲಿಷಿನಲ್ಲಿ ಜೋಸೆಫ್. ಕನ್ನಡಿಗರಿಗೆ ಈ ವಿಕಾರವು ಅಪರಿಚಿತವಲ್ಲ. ಪದಾದಿಯ ಯಕಾರವು ಜಕಾರವಾಗುವುದನ್ನು ವರರುಚಿಯ ಪ್ರಾಕೃತಪ್ರಕಾಶವು ವಿಧಿಸಿದೆ. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಇಂತಹ ವಿಕಾರಗಳನ್ನು ನಿರೂಪಿಸಿದ್ದಾನೆ. ಯೋಗಿ ಜೋಗಿಯಾದುದೂ, ಯಾತ್ರೆ ಜಾತ್ರೆಯಾದುದೂ, ಯೌವನ ಜವ್ವನವಾದುದೂ, ಯಮ ಜವನಾದುದೂ ಈ ರೀತಿಯಿಂದಲೇ. ಆದರೆ ಇದರಿಂದ ಪೋರ್ತುಗೀಜರ ಉಚ್ಚಾರಣೆಗೂ ಪ್ರಾಕೃತಕ್ಕೂ ಸಂಬಂಧವಿತ್ತೆಂದು ಊಹಿಸಬಾರದು. ಯಕಾರ ಜಕಾರಗಳೆರಡೂ ತಾಲವ್ಯಗಳಾದುದರಿಂದ ನಾಲಗೆಯು ಒಂದರಿಂದ ಇನ್ನೊಂದಕ್ಕೆ ಜಾರುವುದು ಬೇರೆಬೇರೆ ದೇಶಗಳಲ್ಲಿ ತಾನಾಗಿಯೇ ಸಂಭವಿಸುತ್ತದೆ.

ಜುಜೆ ಎಂಬ ರೂಪದಲ್ಲಿ ಒಂದು ಸೂಕ್ಷ್ಮವಿದೆ. ಇದರಲ್ಲಿ ಕಾಣುವ ಎರಡು ಜಕಾರಗಳೂ ಕನ್ನಡ ಲಿಪಿಯಲ್ಲಿ ಒಂದೇ ಆದರೂ ಮೂಲದಲ್ಲಿ ಬೇರೆಬೇರೆ. ಮೊದಲನೆಯದು ಯಕಾರದಿಂದ ಬಂದುದು. ಎರಡನೆಯದು ಎರಡು ಸ್ವರಗಳ ನಡುವೆ ಸಿಕ್ಕಿ ಮೃದುವಾದ ಸಕಾರ. ಪೋರ್ತುಗೀಜರ ನುಡಿಯಲ್ಲಿ ಒತ್ತು ಕಡೆಯ ಅಕ್ಷರದ ಮೇಲೆ ಬೀಳುವುದರಿಂದ ಮೊದಲಿನ ಓಕಾರವು ಕುಗ್ಗಿ ಉಕಾರವಾಗಿದೆ. ಕಡೆಯ ಫಕಾರವು ಲೋಪವಾಗಿದೆ. ಹೀಗೆ ಯೋಸೇಫಿನಿಂದ ಜುಜೆಯವರೆಗೆ ನಡೆದ ಒಂದೊಂದು ಮಾರ್ಪಾಡಿಗೂ ಕಾರಣವನ್ನು ಹೇಳಬಹುದು. ಕೊಂಕಣಿಗರು ಇದನ್ನು ಕೆಡಿಸಲಿಲ್ಲ. ಕಿವಿಗೆ ಬಿದ್ದುದನ್ನು ನಿಷ್ಠೆಯಿಂದ ಉಳಿಸಿಕೊಂಡರು.

ಅರಬ್ಬಿಯ ಮಾರ್ಗವು ಬೇರೆ. ಸಾಹಿತ್ಯದ ಅರಬ್ಬಿಯಲ್ಲಿ ಓಕಾರವಿಲ್ಲ, ಪಕಾರವೂ ಇಲ್ಲ. ಆದುದರಿಂದ ಯೋ ಎಂಬುದು ಯೂ ಆಯಿತು. ಮುಂದಿನ ಸ್ವರವೂ ಅದಕ್ಕೆ ಹೊಂದಿಕೊಂಡು ಯೂಸುಫ್ ಎಂದಾಯಿತು. ಕುರಾನಿನ 12ನೆಯ ಅಧ್ಯಾಯಕ್ಕೆ ಈತನ ಹೆಸರೇ ಇದ್ದು, ಅದರ 111 ವಾಕ್ಯಗಳ ಬಹುಭಾಗವು ಈತನ ಚರಿತವನ್ನೇ ಹೇಳುತ್ತದೆ. ಅರಬ್ಬೀ ವೈಯಾಕರಣರು ಇದನ್ನು ಪರಭಾಷೆಯ ನಾಮವೆಂದು ಗುರುತಿಸಿ, ಸ್ವಭಾಷೆಯ ನಾಮಗಳಂತೆ ಪೂರ್ಣ ವಿಭಕ್ತಿಪ್ರತ್ಯಯಗಳನ್ನು ಇದಕ್ಕೆ ಕೊಡಲಿಲ್ಲ. ಪೂಜ್ಯಗ್ರಂಥದಲ್ಲಿ ಬಂದ ಹೆಸರಾದರೂ ಅದರ ಪರಕೀಯತೆಯನ್ನು ಒಪ್ಪಿಕೊಂಡ ಅವರ ಪ್ರಾಮಾಣಿಕತೆಯು ಶ್ಲಾಘ್ಯವಾಗಿದೆ.

ಇನ್ನು ಈ ಹೆಸರನ್ನು ಪಶ್ಚಿಮ ಕರಾವಳಿಗೆ ಹೊತ್ತು ತಂದವರಾರು ಎಂಬ ವಿಚಾರ. ಕೊಚ್ಚಿಯ ಯೆಹೂದ್ಯರಲ್ಲಿದ್ದ, ಕ್ರಿ. ಶ. 1000ದ ಸುಮಾರಿನ, ಚೇರರಾಜನಾದ ಭಾಸ್ಕರ ರವಿಯ ತಾಮ್ರಶಾಸನದಲ್ಲಿ ಯೆಹೂದ್ಯ ಮುಖ್ಯಸ್ಥನೊಬ್ಬನಿಗೆ ‘ಅಂಜುವಣ್ಣ’ವನ್ನೂ 72 ಹಕ್ಕುಗಳನ್ನೂ ಕೊಟ್ಟ ಸಂಗತಿಯಿದೆ. ಈತನ ಹೆಸರು ಅಲ್ಲಿ ಇಸ್ಸುಪ್ಪು ಎಂದು ಲಿಖಿತವಾಗಿದೆ. ಯೋಸೇಫನು ದ್ರಾವಿಡ ನಾಲಗೆಯ ಮೇಲೆ ಪಡೆದ ರೂಪವಿದು: ಫಕಾರವಿಲ್ಲದ ಭಾಷೆಯಲ್ಲಿ ಅದು ಪಕಾರವಾಗಿ, ಕೊನೆಯಲ್ಲಿ ಉಕಾರವು ಸೇರಿದೆ. ದಕ್ಷಿಣ ಕನ್ನಡದ ಬ್ಯಾರಿಗಳಲ್ಲಿ ಯೂಸುಫನು ಇಸುಬು ಎನಿಸಿಕೊಳ್ಳುವುದನ್ನು ಇದರೊಡನೆ ಹೋಲಿಸಬಹುದು. ಮಲೆಯಾಳದ ಸುರಿಯಾನಿ ಕ್ರೈಸ್ತರ ಔಸೇಪ್ಪ್ ಎಂಬ ರೂಪವು ಸಿರಿಯಾಕ್ ಭಾಷೆಯ ಯೌಸೇಪ್ ಎಂಬುದರಿಂದ ಬಂದುದು. ಪೂರ್ವಸಿರಿಯಾಕರು ಪಕಾರವನ್ನು ಪಕಾರವಾಗಿಯೇ ಉಚ್ಚರಿಸುತ್ತಿದ್ದರೆಂಬುದು ಇದಕ್ಕೆ ಪೋಷಕವಾಗಿದೆ.

ಕನ್ನಡ ಕರಾವಳಿಗೆ ಸಂಬಂಧಪಟ್ಟ ಸಾಕ್ಷ್ಯವು 12ನೆಯ ಶತಮಾನದ್ದು. ಕೈರೋ ನಗರದ ಹಳೆಯ ಯೆಹೂದ್ಯ ಮಂದಿರದ ‘ಗೆನೀಜಾ’ ಎಂಬ ಕಾಗದಗಳ ರಾಶಿಯಲ್ಲಿ, ಮಂಗಳೂರಿನಲ್ಲಿ 1132ರಿಂದ 1149ರವರೆಗಿನ ಕಾಲದಲ್ಲಿ ನೆಲಸಿದ್ದ ಅಬ್ರಹಾಂ ಬೆನ್ ಯೀಜೂ ಎಂಬ ವರ್ತಕನ ಪತ್ರಗಳು ದೊರೆತಿವೆ. ಈತನಿಗೆ ಏಡನ್ ಪಟ್ಟಣದಿಂದ ಬರೆಯುತ್ತಿದ್ದ ವರ್ತಕರಲ್ಲಿ ಒಬ್ಬನ ಹೆಸರು ಯೋಸೇಫ್. ಬೆನ್ ಯೀಜೂವಿನ ಸೋದರನೊಬ್ಬನ ಹೆಸರೂ ಯೋಸೇಫ್. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಹೀಬ್ರೂ ರೂಪವೂ ಅರಬ್ಬೀ ರೂಪವೂ ಒಂದೇ ಮನೆತನದ ಕಿವಿಗೆ ಪರಿಚಿತವಾಗಿದ್ದುದನ್ನು ಇದರಿಂದ ತಿಳಿಯಬಹುದು.

ಹೊನ್ನಾವರಕ್ಕೆ 14ನೆಯ ಶತಮಾನದ ನಡುವೆ ಬಂದ ಇಬ್ನ್ ಬತೂತನು ಅಲ್ಲಿ ಬಾಲಕರಿಗೆ 23, ಬಾಲಿಕೆಯರಿಗೆ 13 ಶಾಲೆಗಳಿದ್ದುವೆಂದೂ, ಅಲ್ಲಿಯ ಸ್ತ್ರೀಯರು ಕುರಾನನ್ನು ಕಂಠಸ್ಥ ಮಾಡಿದ್ದರೆಂದೂ ಹೇಳಿದ್ದಾನೆ. ಇದು ನಿಜವಾದರೆ, ಯೂಸುಫನ ಹೆಸರೂ ಚರಿತವೂ ಆ ಊರಿನ ಮನೆಗಳಲ್ಲಿ ಪೋರ್ತುಗೀಜರು ಬರುವುದಕ್ಕಿಂತ ಒಂದೂವರೆ ಶತಮಾನ ಮೊದಲೇ ನಿತ್ಯಪಾಠದಲ್ಲಿದ್ದುವೆಂದಾಗುತ್ತದೆ. ಈ ತೀರದ ಶಾಸನಗಳಲ್ಲಿ ಕಾಣುವ ‘ಹಂಜಮಾನ’ವೆಂಬ ವರ್ತಕಸಮೂಹದ ಉಲ್ಲೇಖವು ಕಾಯ್ಕಿಣಿಯ 15ನೆಯ ಶತಮಾನದ ಶಾಸನದಲ್ಲಿಯೂ ಇದೆ. ಈ ಶಬ್ದವೂ ಮೇಲಿನ ಅಂಜುವಣ್ಣವೂ ಪಾರಸಿಯ ‘ಅಂಜುಮನ್’ ಎಂಬುದರಿಂದ ಬಂದುವೆಂದು ವಿದ್ವಾಂಸರ ಮತ. ಹೆಸರುಗಳು ಬಂದ ಹಡಗುಗಳಲ್ಲಿಯೇ ಸಂಸ್ಥೆಗಳ ಹೆಸರುಗಳೂ ಬಂದುವೆಂಬುದಕ್ಕೆ ಇದು ಸಾಕ್ಷಿ.

ಘಟ್ಟದ ಮೇಲಿನ ನಾಡಿಗೆ ಈ ನಾಮವು ಪಾರಸಿಯ ಮೂಲಕ ಬಂದಿತು. ವಿಜಾಪುರದ ಆದಿಲಶಾಹಿಯನ್ನು 1490ರಲ್ಲಿ ಸ್ಥಾಪಿಸಿದವನು ಯೂಸುಫ್ ಆದಿಲ್‍ಖಾನನು. ಅದೇ ವಿಜಾಪುರದ ಕವಿ ಹಾಶಿಮಿಯು 17ನೆಯ ಶತಮಾನದಲ್ಲಿ ಯೂಸುಫ್‍-ಜುಲೇಖೆಯರ ಕಥೆಯನ್ನು ದಖನಿಯಲ್ಲಿ ರಚಿಸಿದನು. ಈ ಕಥೆಯು ಸಂಸ್ಕೃತಕ್ಕೂ ದೂರವಾಗಿರಲಿಲ್ಲ. ಪಾರಸಿಯ ಕವಿ ಜಾಮಿಯ ಕಾವ್ಯವನ್ನು ಕಾಶ್ಮೀರದ ಶ್ರೀವರ ಪಂಡಿತನು 1505ರಲ್ಲಿ ‘ಕಥಾಕೌತುಕ’ವೆಂಬ ಹೆಸರಿನಿಂದ ಸಂಸ್ಕೃತ ಪದ್ಯಗಳಿಗೆ ತಂದನು. ಹೀಬ್ರೂ ತಾಯಿಯೊಬ್ಬಳು ಇಟ್ಟ ಹೆಸರು ಅರಬ್ಬಿ, ಪಾರಸಿಗಳನ್ನು ದಾಟಿ ಸಂಸ್ಕೃತದ ಸುಪ್ ಪ್ರತ್ಯಯಗಳನ್ನು ಧರಿಸಿ ನಿಂತಿತು.

ಪೋರ್ತುಗೀಜರು 16ನೆಯ ಶತಮಾನದಲ್ಲಿ ಗೋವೆಯನ್ನೂ, ಬಳಿಕ ಕೆಲವು ಕಾಲ ಹೊನ್ನಾವರದ ಕೋಟೆಯನ್ನೂ ಹಿಡಿದಿದ್ದರು. ಗೋವೆಯಿಂದ ದಕ್ಷಿಣಕ್ಕೆ ಬಂದು ನೆಲಸಿದ ಕ್ರೈಸ್ತರೊಡನೆ ಜುಜೆ ಎಂಬ ರೂಪವು ಈ ಕರಾವಳಿಯಲ್ಲಿ ಬೇರೂರಿತು. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿ, 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿ, 1711ರಲ್ಲಿ ಸಿಂಹಳದ ಕಂಡಿಯಲ್ಲಿ ತೀರಿಕೊಂಡು, 2015ರಲ್ಲಿ ಸಂತಪದವಿಯನ್ನು ಪಡೆದ ಪಾದ್ರಿಯನ್ನು ಇಂಗ್ಲಿಷ್ ಗ್ರಂಥಗಳು ಜೋಸೆಫ್ ವಾಜ್ ಎನ್ನುತ್ತವೆ. ಕೊಂಕಣಿಗರಿಗೆ ಆತನು ಜುಜೆ ವಾಜ್. ಜೋಸೆಫ್ ಎಂಬುದು ಕೆನರಾದಲ್ಲಿ 1799ರ ಮೇಲೆ ಇಂಗ್ಲಿಷರ ಆಳಿಕೆಯೊಡನೆ ಹಬ್ಬಿದ ರೂಪ. ಯೋಸೇಫನೆಂಬುದು 19ನೆಯ ಶತಮಾನದ ಬೈಬಲ್ ಭಾಷಾಂತರಕಾರರು ಮೂಲಭಾಷೆಗಳನ್ನು ನೋಡಿ, ಕನ್ನಡದ ಅಕಾರಾಂತ ಪುಲ್ಲಿಂಗಗಳಂತೆ ‘ಯೋಸೇಫನು, ಯೋಸೇಫನಿಗೆ’ ಎಂದು ನಡೆಯುವಂತೆ ಮಾಡಿಕೊಂಡ ಗ್ರಾಂಥಿಕ ರೂಪ.

ಈ ಎಲ್ಲ ಸಾಕ್ಷ್ಯಗಳಿಂದ ಫಲಿಸುವುದೇನು? ನವಾಯತರ ನುಡಿಯು ಅರಬ್ಬಿ, ಪಾರಸಿ ಶಬ್ದಗಳು ಬೆರೆತ ಕೊಂಕಣಿಯೇ, ಕ್ರೈಸ್ತರದೂ ಕೊಂಕಣಿಯೇ. ಮನೆಮಾತು ಒಂದೇ ಮೂಲದ್ದಾದರೂ ಒಬ್ಬರಲ್ಲಿ ಯೂಸುಫ್, ಇನ್ನೊಬ್ಬರಲ್ಲಿ ಜುಜೆ. ರೂಪಭೇದಕ್ಕೆ ನಾಲಗೆಯ ದೌರ್ಬಲ್ಯವೇ ಕಾರಣವಾಗಿದ್ದರೆ ಇಬ್ಬರಲ್ಲಿಯೂ ಒಂದೇ ರೂಪವಿರಬೇಕಾಗಿತ್ತು. ಹೆಸರು ಬಂದ ದಾರಿಯೇ ಭೇದಕ್ಕೆ ಕಾರಣವೆಂಬುದು ಇದರಿಂದ ಸಿದ್ಧವಾಗುತ್ತದೆ. ಪತಂಜಲಿಗಳು ಮಹಾಭಾಷ್ಯದಲ್ಲಿ ಗೋಶಬ್ದಕ್ಕೆ ಗಾವೀ, ಗೋಣೀ, ಗೋತಾ, ಗೋಪೋತಲಿಕಾ ಎಂಬ ಅಪಭ್ರಂಶಗಳನ್ನೆಣಿಸಿದರು. ಅವರ ವಿಚಾರವು ಒಂದು ಭಾಷೆಯ ಸಾಧುಶಬ್ದವನ್ನು ಕುರಿತದ್ದು. ನಾಲ್ಕು ಭಾಷೆಗಳಲ್ಲಿ ನಾಲ್ಕು ವ್ಯಾಕರಣಗಳಿಗೆ ಒಳಪಟ್ಟು ಬಂದ ಶಬ್ದಕ್ಕೆ ಆ ಮಾನದಂಡವನ್ನು ಹಿಡಿಯಲಾಗದು.

ಇದು ಕೇವಲ ತರ್ಕದ ಮಾತಲ್ಲ. ಹಳೆಯ ಕಡತಗಳನ್ನೂ ಇಗರ್ಜಿಯ ದಫ್ತರಗಳನ್ನೂ ಸಂಪಾದಿಸುವವರು ಜುಜೆ ಎಂದಿರುವಲ್ಲಿ ಯೋಸೇಫ ಎಂದೂ, ಇಸುಬು ಎಂದಿರುವಲ್ಲಿ ಯೂಸುಫ್ ಎಂದೂ ತಿದ್ದಿದರೆ, ಆ ಮನುಷ್ಯನು ಯಾವ ಸಮಾಜದವನು, ಅವನ ಹಿರಿಯರು ಯಾವ ಮಾರ್ಗವಾಗಿ ಬಂದವರು ಎಂಬುದನ್ನು ತಿಳಿಸುವ ಸಾಕ್ಷಿಯು ಅಳಿದುಹೋಗುತ್ತದೆ. ಬೇರೆ ಲೇಖವಿಲ್ಲದ ಬಡಜನರ ವಿಷಯದಲ್ಲಿ ಹೆಸರೊಂದೇ ಉಳಿದಿರುವ ಶಾಸನ. ಪಾಠಶಾಲೆಯಲ್ಲಿಯೂ ಹುಡುಗನ ಮನೆಯ ಹೆಸರನ್ನು ಅಶುದ್ಧವೆಂದು ತಿದ್ದುವ ಉಪಾಧ್ಯಾಯನು ವ್ಯಾಕರಣವನ್ನು ಕಾಪಾಡಿದಂತಾಗುವುದಿಲ್ಲ. ಜೋಗಿಯನ್ನೂ ಜಾತ್ರೆಯನ್ನೂ ತದ್ಭವವೆಂದು ಗೌರವಿಸುವ ಕನ್ನಡ ವ್ಯಾಕರಣವು ಜುಜೆಯನ್ನೂ ಇಸುಬುವನ್ನೂ ಅದೇ ನ್ಯಾಯದಿಂದ ಕಾಣಬೇಕಾದುದು ಯುಕ್ತವಾಗಿದೆ.