ಎದೆ ‘ಡವಡವ’ ಅನ್ನೋದರ ಇತಿಹಾಸ

ನಮ್ಮ ಅಮ್ಮಂದಿರು ‘ನನಗೆ ಆತಂಕ’ ಅಂತ ಹೇಳೋದು ಕಡಿಮೆ. ‘ಎದೆ ಡವಡವ ಅಂತಿದೆ, ಹೊಟ್ಟೇಲಿ ತಳಮಳ, ಕೈಕಾಲಲ್ಲಿ ಶಕ್ತಿನೇ ಇಲ್ಲ’ ಅಂತಾರೆ. ಇದು ನಾಟಕ ಅಲ್ಲ. ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಹರಿದು ಎದೆಬಡಿತ ನಿಜವಾಗಿಯೂ ಏರುತ್ತದೆ.

1871ರಲ್ಲಿ ಅಮೆರಿಕದ ವೈದ್ಯ ಜೇಕಬ್ ಡಾಕೋಸ್ಟಾ ಅಂತರ್ಯುದ್ಧದ ಸೈನಿಕರ ಬಗ್ಗೆ ಬರೆದರು. ಎದೆನೋವು, ಏದುಸಿರು, ಓಡುವ ನಾಡಿ. ಆದರೂ ಹಲವರ ಹೃದಯದಲ್ಲಿ ಕಾಯಿಲೆ ಕಾಣಲಿಲ್ಲ. ಇದಕ್ಕೆ ‘ಸೈನಿಕನ ಹೃದಯ’ ಎಂಬ ಹೆಸರೇ ಬಿತ್ತು.

ನೂರು ವರ್ಷದ ನಂತರ, ಶಿವರಾಮ ಕಾರಂತರ ಹುಟ್ಟೂರಾದ ಕರಾವಳಿಯ ಕೋಟದಲ್ಲಿ ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಜನರ ಮಾನಸಿಕ ತೊಂದರೆಗಳನ್ನು ಅಧ್ಯಯನ ಮಾಡಿದರು. ಅವರ ಪುಸ್ತಕ 1976ರಲ್ಲಿ ಬಂತು. ಅಲ್ಲೂ ಜನ ಹೇಳಿಕೊಂಡದ್ದರಲ್ಲಿ ಮೈಯ ನೋವು, ಸುಸ್ತುಗಳೇ ಬಹಳ. ಪರಿಹಾರಕ್ಕೆ ವೈದ್ಯರು, ಮಂತ್ರವಾದಿಗಳು, ದೈವದ ಪಾತ್ರಿಗಳು ಎಲ್ಲರ ಹತ್ತಿರವೂ ಹೋಗುತ್ತಿದ್ದರು.

ಇವತ್ತಿನ ದಾರಿ ಬೇರೆ. ಮೊದಲು ಹೃದಯ, ಥೈರಾಯ್ಡ್ ಪರೀಕ್ಷೆ. ಆಮೇಲೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ: ಹೆದರಿಸುವ ಯೋಚನೆಯನ್ನು ಪ್ರಶ್ನಿಸೋದು, ಹೆದರಿ ದೂರ ಇಟ್ಟದ್ದನ್ನು ಹಂತಹಂತವಾಗಿ ಎದುರಿಸೋದು. ಬೇಕಾದರೆ ಎಸ್‌ಎಸ್‌ಆರ್‌ಐ ಮಾತ್ರೆ; ಗುಣ ಕಾಣಲು ಕೆಲವು ವಾರ ಬೇಕು.

ಎವರೆಟ್‌ಗೆ ಬಂದ ಅಮ್ಮನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋದಾಗ ಅವರ ಮಾತನ್ನು ಇಂಗ್ಲಿಷಿಗೆ ತರೋರು ಹೆಚ್ಚಾಗಿ ನಾವೇ. ‘ಆತಂಕ ಇದೆಯಾ?’ ಅಂದರೆ ‘ಇಲ್ಲಪ್ಪ’ ಅಂತಾರೆ. ಅಲ್ಲಿಗೇ ನಿಲ್ಲಿಸಬೇಡಿ. ಎದೆ, ಹೊಟ್ಟೆ, ನಿದ್ದೆ ಹೇಗಿದೆ ಅಂತ ಕೇಳಿ. ಅವರು ಹೇಳಿದ್ದನ್ನು ಹಾಗೇ ಡಾಕ್ಟರಿಗೆ ತಲುಪಿಸಿ. ಕನ್ನಡ ದುಭಾಷಿ ಬೇಕು ಅಂತಲೂ ಕೇಳಬಹುದು. ‘ಡವಡವ’ವನ್ನು ನಾವು ಬಿಟ್ಟುಬಿಟ್ಟರೆ ಡಾಕ್ಟರಿಗೆ ಕಾಯಿಲೆಯ ಸುಳಿವೇ ಸಿಗೋದಿಲ್ಲ.